ಮಂಜಿಗಾಗಿ ಕಾದ ಮೇಜರ್

ಹೊಳೆದಂಡೆಯ ಮಠದಲ್ಲಿ ಕರಿಸಿದ್ದ ಎಂಬ ಶಿಷ್ಯನಿದ್ದ. ಸೈನ್ಯ ಬಿಟ್ಟು ಬಂದವನು. ಹದಿನಾಲ್ಕು ವರ್ಷದಿಂದ ಮಠದ ಹಿರಿಯ ಗುರುಗಳ ಸೇವೆಯಲ್ಲಿದ್ದ. ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಅವನು ಓದುತ್ತಿದ್ದ ಪತ್ರಿಕೆಯನ್ನು ಹರಿದು ಹೊಳೆಗೆ ಎಸೆದ.

"ಯಾಕೋ, ಏನಾತು?" ಎಂದರು ಅಜ್ಜಾರು.

"ನಮ್ಮ ಮೇಜರ್ ಚಂಗಪ್ಪ ಸಾಹೇಬ್ರನ್ನ ಹೇಡಿ ಅಂತ ಬರದಾರ್ರಿ! ಬರದಾಂವ ಯುದ್ಧದಾಗ ಗುಡ್ಡದ ಕೆಳಗ ಬೆಚ್ಚಗ ಕುಂತಿದ್ದ ದೊಡ್ಡ ಅಧಿಕಾರಿ. ಅಂವಗೇನು ಗೊತ್ತೈತಿ?"

"ನಿನಗೇನು ಗೊತ್ತೈತಿ, ಹೇಳು."



"ಹಿಮದಾಗ ನನ್ನ ಕಾಲು ಮರಗಟ್ಟಿದ್ವು. ಸಾಹೇಬ್ರು ತಮ್ಮ ಕಾಲುಚೀಲ ಬಿಚ್ಚಿ ನನಗ ತೊಡಿಸಿದ್ರು. ಮರುದಿನ ವೈರ್‌ಲೆಸ್ಸಿನಾಗ ಹುಕುಂ ಬಂತು, ಈಗಿಂದೀಗ ಗುಡ್ಡ ಹತ್ರಿ ಅಂತ. ಮ್ಯಾಲೆ ವೈರಿಗಳ ಮಷಿನ್ ಗನ್ನು. ಬಿಸಲು ಫಳಫಳ. ಮರಿಯಾಗಾಕ ಒಂದು ಗಿಡ ಇಲ್ಲ. 'ನನ್ನ ಹುಡುಗರನ್ನ ಬಿಸಿಲಲ್ಲಿ ಸಾಯಲಿಕ್ಕೆ ಕಳಿಸಲ್ಲ, ಮಂಜು ಇಳೀಲಿ' ಅಂದ್ರು."

"ಇಳೀತೇನು?"

"ನಾಕು ತಾಸಿನ ಮ್ಯಾಲೆ ಇಳೀತ್ರಿ. ಎಲ್ಲಾರ್ಕಿಂತ ಮುಂದ ಅವರ ಹತ್ತಿದ್ರು. ಗುಡ್ಡ ಗೆದ್ವಿ. ಕಡೇ ಗುಂಡು ಸಾಹೇಬ್ರ ಎದಿಗೆ ಬಿತ್ತು. ಮೂವತ್ತೊಂದು ಮಂದಿ ನಾವು ಜೀವಂತ ಇಳದ್ವಿ. ಕಡೀಕ ವರದಿ ಏನಾತು? ಹುಕುಂ ಮೀರಿದ, ಅಂಜಿ ಕುಂತ ಅಂತ! ಅಂಜಿದಾಂವ ಎಲ್ಲಾರ್ಕಿಂತ ಮುಂದ ಹೊಕ್ಕಾನೇನ್ರಿ?"

ಅಜ್ಜಾರ ಮುಖವೂ ಕೆಂಪೇರಿತು.

"ವಿಚಾರಣೆ ನಡೀಲಿಲ್ಲೇನು?"

"ನಡೀತ್ರಿ."

"ನಿನ್ನ ಕರದಿದ್ರೇನು?"

ಕರಿಸಿದ್ದ ಹೊಳೆಯ ಕಡೆ ತಿರುಗಿದ.

"ಕರದಿದ್ರು."

"ಏನಂದಿ?"

"ನನಗೇನೂ ನೆನಪಿಲ್ಲ ಅಂದೆ. ಎಲ್ಲಾರೂ ಹಂಗ ಅಂದ್ರು. ನನ್ನ ಹೆಸರು ಬಡ್ತಿ ಕೊಡೋರ ಯಾದ್ಯಾಗ ಇತ್ತು. ಬಡ್ತಿ ಸಿಕ್ತು. ಬಡ್ತಿಯ ಹೊಸಾ ಪಟ್ಟಿ ತೋಳಿಗೆ ಹಚಗೊಳ್ಳಾಕ ಆಗಲಿಲ್ಲರಿ. ಬಿಟ್ಟು ಬಂದೆ."



"ಸಾಹೇಬ್ರಿಗೆ ಮಕ್ಕಳು?"

"ಒಬ್ಬಾಕಿ ಮಗಳು. ಆವಾಗ ಐದು ವರ್ಷದಾಕಿ. ಮಡಿಕೇರ್ಯಾಗ ಅದಾಳಂತ."

ಅಜ್ಜಾರು ಎದ್ದು ಒಳಗೆ ಹೋದರು. ಕರಿಸಿದ್ದನ ತಗಡಿನ ಟ್ರಂಕನ್ನು ತಾವೇ ಎಳೆದು ತಂದು ಬಾಗಿಲ ಹೊರಗಿಟ್ಟರು.

"ನನ್ನ ಹೊರಗ ಹಾಕ್ತೀರೇನ್ರಿ ಅಜ್ಜಾರ? ಇಷ್ಟು ವರ್ಷ ನಿಮ್ಮ ಪಾದ ಹಿಡದೀನಿ. ಇಲ್ಲಿ ಒಂದೀಟು ಶಾಂತಿ ಸಿಕ್ಕೈತಿ ಅಂತ..."

"ಶಾಂತಿ!" ಅಜ್ಜಾರು ಗುಡುಗಿದರು. ಅವರು ದನಿ ಏರಿಸಿದ್ದನ್ನು ಮಠದಲ್ಲಿ ಯಾರೂ ಕೇಳಿರಲಿಲ್ಲ. "ನೀ ಇಲ್ಲಿ ಶಾಂತಿಯಿಂದ ಉಂಡು ಮಲಗೀದಿ. ಆ ಕೂಸು ಅಲ್ಲಿ ಹೇಡಿಯ ಮಗಳಾಗಿ ಸಾಲಿಗೆ ಹೋಗೇತಿ!"

ಕರಿಸಿದ್ದ ಅಲ್ಲೇ ಕುಸಿದು ಕುಳಿತ. ಅಜ್ಜಾರು ಅವನನ್ನು ಎಬ್ಬಿಸಲಿಲ್ಲ. ಅವನೇ ಎದ್ದ. ಟ್ರಂಕನ್ನು ಹೆಗಲಿಗೇರಿಸಿದ.

"ಆಕಿ ಮುಂದ ಏನಂತ ಹೇಳ್ಲಿ ಅಜ್ಜಾರ?"

"ಮೊದಲ ಅವರಪ್ಪನ ಸುದ್ದಿ ಹೇಳು. ಆಮ್ಯಾಲೆ ನಿಂದು ಹೇಳು."