ಗಂಡು ಭ್ರೂಣ ಮಾತ್ರ

ತುಂಗಭದ್ರೆಯ ದಡದಲ್ಲಿ ಪರ್ವತಯ್ಯನವರ ಆಶ್ರಮವಿತ್ತು. ಆಶ್ರಮ ಎಂದು ಹೆಸರಿಟ್ಟವರು ಊರಿನವರು. ಅವರು ಮಾತ್ರ ಅದನ್ನು ಮನೆ ಎನ್ನುತ್ತಿದ್ದರು. ಹಿಂದೆ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದವರು. ಹಳೆಯ ಶಿಷ್ಯರು ಈಗಲೂ ಹುಡುಕಿಕೊಂಡು ಬರುತ್ತಿದ್ದರು. ಕೆಲವರು ಪ್ರಶ್ನೆ ತರುತ್ತಿದ್ದರು. ಹೆಚ್ಚಿನವರು ಉತ್ತರವನ್ನು ತಾವೇ ತಂದು ಅದಕ್ಕೆ ಆಶೀರ್ವಾದ ಕೇಳುತ್ತಿದ್ದರು.

ಡಾಕ್ಟರ್ ವನಮಾಲಾ ಈ ಎರಡನೆಯ ಗುಂಪಿನವಳು.

ಅವಳ ಜೊತೆ ಶಿವಕಾಂತಮ್ಮ ಎಂಬ ಹೆಂಗಸು ಬಂದಿದ್ದಳು. ಆಕೆಯ ಎರಡು ಕೂಸುಗಳೂ ಅಂಬೆಗಾಲಿಡುವ ಮೊದಲೇ ಶಕ್ತಿಗುಂದಿ ತೀರಿಕೊಂಡಿದ್ದವು. ಆಕೆಯನ್ನು ಅಂಗಳದಲ್ಲಿ ಕೂರಿಸಿ, ವನಮಾಲಾ ಒಳಗೆ ಬಂದು ವಿಷಯ ಬಿಡಿಸಿ ಹೇಳಿದಳು.

ಪ್ರತಿ ಜೀವಕೋಶದಲ್ಲೂ ಶಕ್ತಿ ಹುಟ್ಟಿಸುವ ಮೈಟೋಕಾಂಡ್ರಿಯಾ ಎಂಬ ಸಣ್ಣ ಒಲೆಗಳಿವೆ. ಶಿವಕಾಂತಮ್ಮನಲ್ಲಿ ಅವುಗಳ ಜೀನ್ ಕೆಟ್ಟಿದೆ. ಆಕೆಯ ಅಂಡಾಣುವಿನ ಕೋಶಕೇಂದ್ರವನ್ನು ತೆಗೆದು, ಆರೋಗ್ಯವಂತಳಾದ ಇನ್ನೊಬ್ಬಳ ಅಂಡಾಣುವಿನಲ್ಲಿ, ಅದರ ಸ್ವಂತ ಕೇಂದ್ರದ ಬದಲು, ಕೂರಿಸಬೇಕು. ಆಗ ಮಗುವಿನ ಮೂಗು, ಬಣ್ಣ, ಗುಣ ಎಲ್ಲ ತಂದೆತಾಯಿಯದು. ಒಲೆಗಳು ಮಾತ್ರ ಆ ಇನ್ನೊಬ್ಬಳವು.

ಮೈಟೋಕಾಂಡ್ರಿಯಾದ ಚಿತ್ರ ಬರೆಯಲು ಅವಳಿಗೆ ಕಲಿಸಿದವರೇ ಪರ್ವತಯ್ಯ. ಆದರೂ ಏನೂ ಗೊತ್ತಿಲ್ಲದವರ ಹಾಗೆ ಪೂರ್ತಿ ಕೇಳಿಸಿಕೊಂಡರು.

ಮರುದಿನ ಅವಳು ಇಂಥ ಚಿಕಿತ್ಸೆಗೆ ಒಪ್ಪಿಗೆ ಕೊಡುವ ನೈತಿಕ ಸಮಿತಿಯ ಮುಂದೆ ನಿಲ್ಲಬೇಕಿತ್ತು. ಸಮಿತಿಗೆ ಇದ್ದ ಭಯ ಒಂದೇ. ಕೆಲಸದಲ್ಲಿ ಎಲ್ಲೋ ತಪ್ಪಾಗಿದ್ದರೆ ಅದು ಮುಂದಿನ ತಲೆಮಾರುಗಳಿಗೂ ಹರಿದು ಹೋಗುತ್ತದಲ್ಲ? ವನಮಾಲಾ ಅದಕ್ಕೂ ಉತ್ತರ ಕಂಡುಕೊಂಡಿದ್ದಳು.

"ಮೈಟೋಕಾಂಡ್ರಿಯಾ ಬರೋದು ತಾಯಿಯಿಂದ ಸರ್. ಗಂಡು ಅದನ್ನ ಮಕ್ಕಳಿಗೆ ಕೊಡಲ್ಲ. ಅದಕ್ಕೆ ಗಂಡು ಭ್ರೂಣ ಮಾತ್ರ ಗರ್ಭದಲ್ಲಿ ಇಡ್ತೀವಿ. ಏನೇ ತಪ್ಪಾಗಿದ್ರೂ ಅವನಲ್ಲೇ ನಿಂತುಹೋಗುತ್ತೆ."

ಹೆಣ್ಣು ಗಂಡು ಆರಿಸುವುದಕ್ಕೆ ಕಾನೂನು ಅಡ್ಡ ಬರುತ್ತದೆ, ವಿನಾಯಿತಿ ಕೇಳುತ್ತೇನೆ ಎಂದೂ ಸೇರಿಸಿದಳು. ಎಲ್ಲರಿಗಿಂತ ಮೊದಲು ಉತ್ತರಪತ್ರಿಕೆ ಕೊಟ್ಟು ಎದ್ದ ಹುಡುಗಿಯ ಗೆಲುವು ಅವಳ ಮುಖದಲ್ಲಿತ್ತು.

ಪರ್ವತಯ್ಯ, ಊಟಕ್ಕೆ ಏಳೋಣ ಎಂದರು.

ಅಂದಿನ ಸಾರಿಗೆ ವನಮಾಲಾ ತಂದ ಅಣಬೆ ಬಿದ್ದಿತ್ತು. ಬರುವ ದಾರಿಯಲ್ಲಿ ಹುತ್ತದ ಬಳಿ ಎದ್ದಿದ್ದನ್ನು ಕಂಡು, ಕಾರು ನಿಲ್ಲಿಸಿ ತಾನೇ ಕಿತ್ತಿದ್ದಳು. ಅಂದು ಬಂದಿದ್ದ ಬೇರೆ ಶಿಷ್ಯರೂ ಊಟಕ್ಕೆ ಸೇರಿದರು; ಗಂಡಸರು ಒಂದು ಸಾಲು, ಹೆಂಗಸರು ಎದುರು ಸಾಲು ಕೂತರು. ಗುರುಗಳು ತಾವೇ ಸೌಟು ಹಿಡಿದು ಗಂಡಸರ ಎಲೆಗಳಿಗೆಲ್ಲ ಸಾರು ಬಡಿಸಿ ಪಾತ್ರೆ ಮುಚ್ಚಿಟ್ಟರು. ಹೆಂಗಸರ ಎಲೆಗೆ ಅನ್ನ ಮಜ್ಜಿಗೆ ಹಾಕಿದರು.

ನಮಗೇಕೆ ಇಲ್ಲ ಎಂದು ವನಮಾಲಾ ಕೇಳಿದಳು.

"ಕಾಡಿನ ಅಣಬೆ ಅಲ್ವಾ? ಏನಾದ್ರೂ ತಪ್ಪಾಗಿದ್ರೆ ಗಂಡಸರಲ್ಲೇ ನಿಂತುಹೋಗ್ಲಿ."

ತುತ್ತನ್ನು ಬಾಯಿಯ ತನಕ ಒಯ್ದಿದ್ದ ಗುರುಪಾದ ಎಂಬ ಶಿಷ್ಯ ಅದನ್ನು ಮೆಲ್ಲಗೆ ಎಲೆಗೆ ಇಳಿಸಿದ. ಉಳಿದವರೂ ಕೈ ಹಿಂತೆಗೆದು ವನಮಾಲಾಳನ್ನು ಅನುಮಾನದಿಂದ ನೋಡಿದರು. ಗುರುಭಕ್ತಿಗೂ ಒಂದು ಮಿತಿ ಇರುತ್ತದೆ.

ಅವಳಿಗೆ ಸಿಟ್ಟು ಬಂತು.

"ನಾನು ನೋಡಿಯೇ ಕಿತ್ತಿದ್ದು ಸರ್. ತಿನ್ನೋ ಹಾಗಿದ್ರೆ ಎಲ್ಲರಿಗೂ ಬಡಿಸಿ. ಅನುಮಾನ ಇದ್ರೆ ಯಾರಿಗೂ ಬೇಡ."

ಹೇಳಿ ಮುಗಿಸಿದ ಮೇಲೆ, ತಾನು ಹೇಳಿದ್ದು ಅವಳಿಗೇ ಕೇಳಿಸಿತು. ಗುರುಗಳು ಹೆಂಗಸರಿಗೂ ಬಡಿಸಿದರು. ತಮ್ಮ ಎಲೆಗೂ ಹಾಕಿಕೊಂಡು ಎಲ್ಲರಿಗಿಂತ ಮೊದಲು ಚಪ್ಪರಿಸಿ ಉಂಡರು.

ಆದರೆ ವನಮಾಲಾ ಅಷ್ಟು ಸುಲಭಕ್ಕೆ ಸೋಲುವವಳಲ್ಲ. ಊಟವಾದ ಮೇಲೆ ಹೊಳೆಯ ಮೆಟ್ಟಿಲಿನ ಮೇಲೆ ಮತ್ತೆ ವಾದ ಹೂಡಿದಳು. ಅಣಬೆ ತಿಂದವರ ಹೊಟ್ಟೆಯಲ್ಲೇ ಮುಗಿಯುತ್ತದೆ. ಹೆಣ್ಣುಮಗುವಿನಲ್ಲಿ ತಪ್ಪು ಉಳಿದರೆ ಅವಳ ಮಕ್ಕಳಿಗೆ, ಹೆಣ್ಣುಮಕ್ಕಳ ಮಕ್ಕಳಿಗೆ ಹೋಗುತ್ತದೆ. ಅಷ್ಟೊಂದು ಜನರ ಕಷ್ಟಕ್ಕಿಂತ ಒಬ್ಬನ ಕಷ್ಟ ಚಿಕ್ಕದಲ್ಲವೇ ಎಂದು ಕೇಳಿದಳು.

"ಲೆಕ್ಕ ಸರಿಯಾಗೇ ಇದೆ," ಎಂದರು ಪರ್ವತಯ್ಯ. "ಆ ಒಬ್ಬನನ್ನ ಎತ್ತಿಕೊಳ್ಳೋಳಿಗೆ ಈ ಲೆಕ್ಕ ಹೇಳಿದೀಯಾ?"

ಹೇಳಿರಲಿಲ್ಲ. ಗಂಡುಮಗುವೇ ಆಗುತ್ತದೆ ಎಂದಷ್ಟೇ ಹೇಳಿದ್ದಳು. ಏಕೆ ಎಂದು ಆಕೆ ಕೇಳಿರಲಿಲ್ಲ, ಇವಳು ಬಾಯಿ ಬಿಟ್ಟಿರಲಿಲ್ಲ.

ಶಿವಕಾಂತಮ್ಮ ಕೆಳಗಿನ ಮೆಟ್ಟಿಲಲ್ಲಿ ನೀರಿಗೆ ಕಾಲು ಇಳಿಬಿಟ್ಟು ಕೂತಿದ್ದಳು. ವನಮಾಲಾ ಇಳಿದು ಹೋಗಿ ಪಕ್ಕದಲ್ಲಿ ಕೂತಳು. ಹಳೆಯ ಕೆಟ್ಟ ಒಲೆಗಳಲ್ಲಿ ಕೆಲವು ಅಂಟಿಕೊಂಡೇ ಬರಬಹುದು, ಮಗು ಬೆಳೆದಂತೆ ಅವೂ ಹೆಚ್ಚಬಹುದು, ಅದನ್ನು ತಡೆಯುವುದು ತಮಗಿನ್ನೂ ಪೂರ್ತಿ ತಿಳಿದಿಲ್ಲ, ಗಂಡೇ ಆಗಲಿ ಎಂದದ್ದು ಅದಕ್ಕೇ ಎಂದು ಒಂದೊಂದಾಗಿ ಹೇಳಿದಳು.

ಶಿವಕಾಂತಮ್ಮ ನೀರಿನಿಂದ ಕಾಲು ಮೇಲೆತ್ತಿಕೊಂಡು ಅವಳತ್ತ ತಿರುಗಿದಳು.

"ನಂದು ಮೊದಲ್ನೇದು ಹೆಣ್ಣು, ಎರಡನೇದು ಗಂಡು ಮೇಡಂ," ಎಂದಳು. "ಎರಡೂ ಇದೇ ತೊಡೆ ಮ್ಯಾಲೆ ಹೋದ್ವು. ಗಂಡು ಹೋದಾಗ ನಾನೇನು ಕಮ್ಮಿ ಅಳಲಿಲ್ಲ. ಕಾಯಬೇಕು ಅಂದ್ರೆ ಕಾಯ್ತೀನಿ. ಉಳಿಯೋ ಮಗು ಕೊಡ್ರಿ."

ವನಮಾಲಾಳಿಗೆ ತನ್ನ ಮೇಲೆಯೇ ನಾಚಿಕೆಯಾಯಿತು. ತಾನು ಇಷ್ಟು ದಿನ ಹುಡುಕಿದ್ದು ಮಗುವಿಗೆ ಕ್ಷೇಮವಾದ ದಾರಿಯನ್ನಲ್ಲ, ತನಗೆ ಕ್ಷೇಮವಾದದ್ದನ್ನು.

ಮೆಟ್ಟಿಲು ಹತ್ತಿ ಗುರುಗಳ ಮುಂದೆ ನಿಂತಳು.

"ಹಾಗಾದ್ರೆ ಇದನ್ನ ಬಿಟ್ಬಿಡ್ಲಾ ಸರ್? ಆ ತಾಯಿಗೆ ಬೇರೆ ದಾರಿ ಇಲ್ಲ."

"ಬಿಡು ಅಂತ ನಾನೆಲ್ಲಿ ಅಂದೆ?"

"ಮತ್ತೆ ನಾಳೆ ಸಮಿತಿ ಮುಂದೆ ಏನು ಹೇಳ್ಲಿ?"

"ಕಲಿಯೋದು ಇನ್ನೂ ಇದೆ, ಸಮಯ ಕೊಡಿ ಅನ್ನು. ಕಲಿತು ಮಾಡು. ಹೆಣ್ಣು ಹುಟ್ಟಿದ್ರೂ ನಿನಗೆ ಭಯ ಆಗಬಾರದು, ಹಾಗೆ ಮಾಡು."