ವೆಂಕಾಬಾರ ಕುರ್ವೆ

ಕೊಡಸೆಹೊಳೆ ಕಡಲನ್ನು ಸೇರುವ ಅಳಿವೆಯಿಂದ ಒಂದು ಹರದಾರಿ ಮೇಲಕ್ಕೆ, ಹೊಳೆ ಎರಡಾಗಿ ಒಡೆದು ಮತ್ತೆ ಕೂಡಿಕೊಳ್ಳುವ ಎಡೆಯಲ್ಲಿ ಒಂದು ನಡುಗಡ್ಡೆಯಿದೆ. ನಡುಗಡ್ಡೆಗೆ ಈ ಸೀಮೆಯಲ್ಲಿ ಕುರ್ವೆ ಎನ್ನುತ್ತಾರೆ. ಇದರ ಹೆಸರು ವೆಂಕಾಬಾರ ಕುರ್ವೆ. ಸುತ್ತಲೂ ಕಾಂಡ್ಲಾ ಗಿಡಗಳು ಕೆಸರಿಗೆ ಬೇರೂರಿ ಒತ್ತಾಗಿ ನಿಂತಿವೆ. ನಡುವೆ ಹತ್ತಾರು ತೆಂಗಿನ ಮರ, ಅವುಗಳ ನೆರಳಿಗೆ ಹದಿನಾಲ್ಕು ಮನೆ. ಅವುಗಳಲ್ಲಿ ಅಂಬಿಗರದು ಯಾವುದು, ಸಿದ್ದಿಗಳದು ಯಾವುದು ಎಂದು ಹೊರಗಿನವರು ಹೇಳಲಾರರು. ಈಚೆಗೆ ಚಳಿಗಾಲ ಬಂತೆಂದರೆ ಇಲ್ಲಿಗೆ ಪ್ರವಾಸಿಗಳು ಬರುತ್ತಾರೆ. ಬಣ್ಣಬಣ್ಣದ ಕಯಾಕ್‌ಗಳಲ್ಲಿ ಒಬ್ಬೊಬ್ಬರೇ ಕೂತು, ಎರಡೂ ತುದಿಗೆ ಅಲಗಿರುವ ಹುಟ್ಟನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕುತ್ತ, ಸಾಲಾಗಿ ಕಾಂಡ್ಲಾ ಗಿಡಗಳ ನಡುವಿನ ನೀರಿನ ಓಣಿಗೆ ನುಗ್ಗುತ್ತಾರೆ. ಮುಂದಿನ ಕಯಾಕ್ ಸೆರಫಿನಾ ಸಿದ್ದಿಯದು. ಈ ಕುರ್ವೆಯಲ್ಲೇ ಹುಟ್ಟಿ ಬೆಳೆದ ಆಕೆ ಮಾತಿಲ್ಲದೆ ಬೆರಳೆತ್ತಿ ತೋರಿಸಿದ ಕಡೆ ಮಿಂಚುಳ್ಳಿ ಕೂತಿರುತ್ತದೆ, ಇಲ್ಲವೆ ಇಕ್ಕಳದಂಥ ಒಂದೇ ಕೊಂಬು ದೊಡ್ಡದಾದ ಕೆಂಪು ಏಡಿಗಳು ಕೆಸರಿನ ಮೇಲೆ ಓಡಾಡುತ್ತಿರುತ್ತವೆ. ಅದೃಷ್ಟ ಚೆನ್ನಾಗಿದ್ದ ದಿನ ನೀರುನಾಯಿಗಳೂ ಕಾಣುತ್ತವೆ.

ಹೆಸರಿನ ವಿಷಯ ಬಂದಾಗ ಮಾತ್ರ ಸೆರಫಿನಾ ಹುಟ್ಟನ್ನು ತೊಡೆಯ ಮೇಲಿಟ್ಟು ದೋಣಿಯನ್ನು ನಿಲ್ಲಿಸುತ್ತಾಳೆ. ಹೊಳೆ ದಾಟುವ ತಾರಿಕಟ್ಟೆಯ ಬಳಿಯ ಫಲಕದಲ್ಲಿ ‘ವೆಂಕಟಪುರ’ ಎಂದು ಬರೆದಿದೆ. ಹಿಂದೆ ಭೂಮಿ ಅಳೆಯಲು ಬಂದವರು ಇಲ್ಲಿ ವೆಂಕಪ್ಪನೆಂಬ ಯಾರೋ ಇದ್ದಿರಬೇಕೆಂದು ತಮಗೆ ತಾವೇ ತೀರ್ಮಾನಿಸಿ ಹಾಗೆ ಬರೆದುಕೊಂಡು ಹೋದರಂತೆ. ಈ ಕುರ್ವೆಯಲ್ಲಿ ವೆಂಕಪ್ಪ ಎಂಬವರು ಯಾವ ಕಾಲಕ್ಕೂ ಇರಲಿಲ್ಲ. ಹೆಸರು ಬಂದದ್ದು ಇಬ್ಬರು ಹೆಂಗಸರಿಂದ ಎನ್ನುತ್ತಾರೆ ಇಲ್ಲಿನ ಹಿರಿಯರು.

ಹಿಂದೆ ಒಮ್ಮೆ, ಪರಂಗಿಗಳ ಹಡಗುಗಳು ಮೆಣಸು, ಅಕ್ಕಿಗಾಗಿ ಈ ಅಳಿವೆಯ ಹೊರಗೆ ಲಂಗರು ಹಾಕುತ್ತಿದ್ದ ಕಾಲದಲ್ಲಿ, ಕುರ್ವೆಯಲ್ಲಿ ಮನೆಗಳಿರಲಿಲ್ಲ. ಅಂಬಿಗರ ಕೇರಿ ಇದ್ದದ್ದು ಆಚೆ ದಡದಲ್ಲಿ. ಆ ಕೇರಿಯ ತಾರಿ ದೋಣಿಯನ್ನು ನಡೆಸುತ್ತಿದ್ದವಳು ಹೊನ್ನಿ. ಮದುವೆಯಾದ ಮೂರನೆಯ ವರ್ಷ ಗಂಡ ಅಳಿವೆಯಲ್ಲಿ ಬಲೆ ಬಿಡಲು ಹೋದವನು ತಿರುಗಿ ಬರಲಿಲ್ಲ. ಆ ದಿನ ಅವಳು ದಡದಲ್ಲೇ ಇದ್ದಳು. ದೂರದಲ್ಲಿ ದೋಣಿ ಮಗುಚಿದ್ದನ್ನು ಕಂಡಳು, ಬಾಯಿ ತೆರೆದಳು, ಆದರೆ ಗಂಟಲಿನಿಂದ ಸ್ವರ ಹೊರಡಲಿಲ್ಲ. ಕೂಗಿದ್ದರೆ ಹತ್ತಿರದ ದೋಣಿಯವರಾದರೂ ತಿರುಗಿ ನೋಡುತ್ತಿದ್ದರೇನೋ ಎಂಬ ಕೊರಗು ಅವಳ ಎದೆಯಲ್ಲಿ ಕೂತುಬಿಟ್ಟಿತು. ಅಂದಿನಿಂದ ಅವಳು ಮಾತು ಕಡಿಮೆ ಮಾಡಿದಳು. ಜನರನ್ನು ದಾಟಿಸುವಳು, ನೀರು ಇಳಿದ ಹೊತ್ತಿನಲ್ಲಿ ಕುರ್ವೆಯ ಕೆಸರಿನಲ್ಲಿ ಬಳಚು ಹೆಕ್ಕುವಳು. ಆ ಚಿಪ್ಪಿನೊಳಗಿನ ಮಾಂಸವೇ ಅವಳ ಗಂಜಿಗೆ ಸಾರು.

ಒಂದು ಫಾಲ್ಗುಣದ ಬೆಳಿಗ್ಗೆ ಬಳಚು ಹೆಕ್ಕುತ್ತಿದ್ದಾಗ ಕುರ್ವೆಯ ನೀರುನಾಯಿಗಳು ಎಂದೂ ಇಲ್ಲದ ಹಾಗೆ ಚೀರಾಡುವುದು ಕೇಳಿಸಿತು. ಹಾವು ಬಂದಿರಬೇಕೆಂದುಕೊಂಡು ಅವಳು ಕಾಂಡ್ಲಾ ಬೇರುಗಳನ್ನು ದಾಟಿ ಒಳಗೆ ಹೋದಳು. ಅಲ್ಲಿ ಬೇರುಗಳ ಸಂದಿಯಲ್ಲಿ ಮೈಯೆಲ್ಲ ಕೆಸರಾದ ಒಬ್ಬ ಹೆಂಗಸು ಬಿದ್ದಿದ್ದಳು. ಗುಂಗುರು ಕೂದಲಲ್ಲಿ ಉಪ್ಪು ಹೆಪ್ಪುಗಟ್ಟಿತ್ತು, ಬಲಗಾಲಿಗೆ ಕಬ್ಬಿಣದ ಬಳೆಯಿತ್ತು. ಹೊನ್ನಿ ಮೊದಲು ಹೆದರಿದಳು, ಚೌಡಿಯೋ ಏನೋ ಎಂದು ಎರಡು ಹೆಜ್ಜೆ ಹಿಂದೆ ಸರಿದಳು. ಆಗ ಆ ಹೆಂಗಸು ಒಡೆದ ತುಟಿಯನ್ನು ಅಲುಗಿಸಿ “ಆಗು... ಆಗು” ಎಂದಳು. ಏನಾಗಬೇಕೋ ಹೊನ್ನಿಗೆ ತಿಳಿಯಲಿಲ್ಲ. ಆದರೆ ಬಾಯಾರಿದವರ ಬಾಯಿ ಹೇಗಿರುತ್ತದೆ ಎಂಬುದು ಯಾವ ಭಾಷೆಯವರಿಗೂ ತಿಳಿದದ್ದೇ. ಅವಳು ಸೊಂಟದ ಸೋರೆಬುರುಡೆ ಬಿಚ್ಚಿ ನೀರು ಕುಡಿಸಿದಳು. ಪರಂಗಿ ನುಡಿಯಲ್ಲಿ ಅದು ನೀರೆಂಬ ಮಾತೇ ಆಗಿತ್ತು.

ಆಕೆ ಲುವಿಜಾ. ಆಫ್ರಿಕಾದ ಕಡಲದಂಡೆಯಿಂದ ಎಳವೆಯಲ್ಲೇ ಪರಂಗಿಗಳು ಹಿಡಿದು ತಂದ ಸಿದ್ದಿ ಹೆಂಗಸು. ಹಡಗಿನ ಅಡುಗೆಗೆ ಇಟ್ಟುಕೊಂಡಿದ್ದವರು ಮುಂದಿನ ಬಂದರಿನಲ್ಲಿ ಮಾರುತ್ತಾರೆಂಬ ಸುದ್ದಿ ಕಿವಿಗೆ ಬಿದ್ದ ದಿನ ಆಕೆ ನೀರಿಗೆ ಹಾರಿದ್ದಳು, ಉಬ್ಬರ ಅವಳನ್ನು ಹೊಳೆಯ ಒಳಕ್ಕೆ ತಳ್ಳಿತ್ತು. ಇದೆಲ್ಲ ಹೊನ್ನಿಗೆ ತಿಳಿದದ್ದು ತಿಂಗಳ ಮೇಲೆ. ಅದುವರೆಗೆ ಇಬ್ಬರ ನಡುವೆ ಇದ್ದದ್ದು ಕೈಸನ್ನೆ ಮತ್ತು ಕಣ್ಣೆದುರಿನ ಪ್ರಾಣಿಗಳು. ಹೊನ್ನಿ ತೆಂಗಿನ ಗರಿಯ ಮರೆ ಕಟ್ಟಿಕೊಟ್ಟಳು, ದಿನವೂ ಗಂಜಿ ತಂದಳು. ಇಬ್ಬರೂ ಸರದಿಯ ಮೇಲೆ ಕಲ್ಲಿನಿಂದ ಉಜ್ಜಿ ಒಂಬತ್ತು ದಿನಕ್ಕೆ ಕಾಲಿನ ಬಳೆಯ ಕೀಲು ಸವೆಸಿ ಕಿತ್ತರು. ಕೊಕ್ಕರೆಯನ್ನು ತೋರಿಸಿ ಹೊನ್ನಿ ಒಂದು ಹೆಸರು ಹೇಳಿದರೆ ಲುವಿಜಾ ಇನ್ನೊಂದು ಹೇಳುವಳು, ಎರಡನ್ನೂ ಇಬ್ಬರೂ ಕಲಿಯುವರು. ಲುವಿಜಾಳದು ಪರಂಗಿ ನುಡಿಗೆ ತನ್ನ ಊರಿನ ನುಡಿ ಬೆರೆತ ಕಲಸುಮಾತು. ಈಗ ಅದಕ್ಕೆ ಹೊನ್ನಿಯ ಕನ್ನಡವೂ ಸೇರಿತು. ಅವಳು ಹೊನ್ನಿಯನ್ನು ‘ಮಾನಾ’ ಎನ್ನುತ್ತಿದ್ದಳು, ಅಕ್ಕ ಎಂದು ಅದರ ಅರ್ಥ. ಹೊನ್ನಿ ದೋಣಿ ತಂದೊಡನೆ ಕಾಂಡ್ಲಾ ಮರೆಯಿಂದ ‘ವೆಂಕಾ’ ಎಂಬ ಕರೆ ಕೇಳಿಸುತ್ತಿತ್ತು. ಇಲ್ಲಿ ಬಾ ಎಂದು ಅದರ ಅರ್ಥ. ಮಾತು ಮರೆತಂತಿದ್ದ ಹೊನ್ನಿ ಆ ಹೆಂಗಸಿನ ಜೊತೆ ದಿನಕ್ಕೆ ಇಷ್ಟಿಷ್ಟೇ ಮಾತಾಡತೊಡಗಿದಳು, ಒಮ್ಮೊಮ್ಮೆ ನಕ್ಕಳು ಕೂಡ.

ಒಬ್ಬಳೇ ಇರುತ್ತಿದ್ದ ಹೊತ್ತಿನಲ್ಲಿ ಲುವಿಜಾ ನೀರುನಾಯಿಗಳನ್ನು ನೋಡುತ್ತಿದ್ದಳು. ಮೊದಲು ಚೀರಿದ ಅವು ಬರಬರುತ್ತ ಅವಳನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಕುರ್ವೆಯ ಪಡುವಣ ಮಗ್ಗುಲಿನ ಕೆಸರುಬಯಲಿನಲ್ಲಿ ಮನುಷ್ಯರು ಕಾಲಿಟ್ಟರೆ ಸೊಂಟದವರೆಗೆ ಹೂತುಹೋಗುತ್ತಿದ್ದರು. ಕೇರಿಯವರು ಯಾರೂ ಅತ್ತ ಸುಳಿಯುತ್ತಿರಲಿಲ್ಲ. ಆದರೆ ನೀರುನಾಯಿಗಳು ಆ ಬಯಲಿನಲ್ಲಿ ಒಂದೇ ಜಾಡಿನಲ್ಲಿ, ಎಲ್ಲೂ ಹೂತುಹೋಗದೆ, ಮೀನು ಕಚ್ಚಿಕೊಂಡು ಓಡಾಡುವುದನ್ನು ಅವಳು ಕಂಡಳು. ಒಂದು ದಿನ ಹೆದರುತ್ತಲೇ ಆ ಜಾಡಿನಲ್ಲಿ ಕಾಲಿಟ್ಟಳು. ಕೆಸರಿನಡಿಗೆ ಹಳೆಯ ಚಿಪ್ಪುಗಳು ಒತ್ತಿ ಒತ್ತಿ ಕಲ್ಲಿನ ಹಾಗಾದ ದಿಬ್ಬವೊಂದು ಹಾವಿನಂತೆ ಹರಿದಿತ್ತು. ಅದು ಹೊಳೆಯ ನಡುವಿನವರೆಗೂ ಹೋಗಿತ್ತು.

ಗುಟ್ಟು ಬಹಳ ದಿನ ಉಳಿಯಲಿಲ್ಲ. ಒಬ್ಬಳ ಪಾಲಿಗೆ ಇಬ್ಬರ ಗಂಜಿ ಬೇಯುವುದನ್ನು ಕೇರಿ ಗಮನಿಸಿತು. ಯಜಮಾನ ಸಣ್ಣಕುಸ್ಲ ಹೊನ್ನಿಯ ಗಂಡನಿಗೆ ದೊಡ್ಡಪ್ಪನಾಗಬೇಕಾದವನು. ಒಂದು ಸಂಜೆ ಅವಳ ಅಂಗಳಕ್ಕೆ ಬಂದ. ಪರಂಗಿ ಹಡಗು ತಪ್ಪಿಸಿಕೊಂಡವಳನ್ನು ಹುಡುಕುತ್ತ ಮತ್ತೆ ಬಂದು ಅಳಿವೆಯ ಹೊರಗೆ ನಿಂತಿತ್ತು. ಬಚ್ಚಿಟ್ಟವರ ದೋಣಿಗಳನ್ನು ಸುಡುತ್ತೇವೆಂದು ಹೇಳಿ ಕಳಿಸಿದ್ದರು.

“ಹೊನ್ನಿ, ಆ ಹೆಂಗಸನ್ನು ಅವರಿಗೆ ಒಪ್ಪಿಸಿಬಿಡು,” ಎಂದ.

“ಹೊಳೆಯಲ್ಲಿ ತೇಲಿ ಬಂದ ಮರ ಯಾರಿಗೆ ಸೇರ್ತದೆ, ಮಾವ?”

“ಎತ್ತಿದವರಿಗೆ. ಅದು ನಮ್ಮ ಅಜ್ಜಂದಿರ ಕಾಲದ ಕಟ್ಟಳೆ. ಅದನ್ನೆಂತಕೆ ಕೇಳ್ತೆ?”

“ಹಾಗಾದ್ರೆ ಅವ್ಳು ನನಗೆ ಸೇರಿದವ್ಳು. ನಾನು ಕೊಡೂದಿಲ್ಲ.”

“ಅದು ಮರ. ಇದು ಮನುಷ್ಯ ಜೀವ. ಕೇರಿಯ ಇಪ್ಪತ್ತು ದೋಣಿ ಸುಟ್ಟುಹೋದರೆ ನಮ್ಮ ಮಕ್ಕಳು ಎಂತ ತಿನ್ನಬೇಕು, ಅದನ್ನೂ ಹೇಳು.”

ಹೊನ್ನಿ ಗಂಜಿಯ ಗಡಿಗೆಯನ್ನು ಮುಚ್ಚಿ ಸೊಂಟಕ್ಕಿಟ್ಟುಕೊಂಡಳು. ಸಣ್ಣಕುಸ್ಲನೂ ಕೆಟ್ಟವನಲ್ಲ, ಇಪ್ಪತ್ತು ಒಲೆಗಳ ಹೊಣೆ ಹೊತ್ತವನು. ಅಮಾವಾಸ್ಯೆಯವರೆಗೆ ಕಾಯುತ್ತೇನೆಂದು ಹೇಳಿ ಎದ್ದುಹೋದ.

ಪರಂಗಿಗಳು ಅಮಾವಾಸ್ಯೆಯವರೆಗೆ ಕಾಯಲಿಲ್ಲ. ಮಳೆಗಾಲ ಹತ್ತಿರವಾಗಿತ್ತು, ಹಡಗಿಗೆ ಹೊರಡುವ ಅವಸರ. ವೈಶಾಖದ ಕೊನೆಯ ವಾರ, ಮಧ್ಯಾಹ್ನದ ಹೊತ್ತಿಗೆ, ಒಬ್ಬ ನಾಯಕ ಆರು ಮಂದಿ ಸಿದ್ದಿ ಗುಲಾಮರ ಕೈಯಲ್ಲಿ ಹುಟ್ಟು ಹಾಕಿಸುತ್ತ ಹೊಳೆಯೊಳಗೆ ಬಂದ. ಹೊನ್ನಿ ಅವರಿಗಿಂತ ಮುಂಚೆ ಕುರ್ವೆ ತಲುಪಿದ್ದಳು. ಇಬ್ಬರೂ ಕಾಂಡ್ಲಾ ಬೇರುಗಳ ನಡುವೆ ಅಡಗಿ ಕೂತರು. ನಾಯಕನಿಗೆ ಈ ಹೊಳೆಯ ಏರಿಳಿತ ಗೊತ್ತಿರಲಿಲ್ಲ. ನೀರು ಇಳಿಯುತ್ತಿದ್ದ ಹೊತ್ತಿನಲ್ಲಿ ದೋಣಿಯನ್ನು ಪಡುವಣ ಬಯಲಿಗೆ ನುಗ್ಗಿಸಿದ, ಅದು ಕೆಸರಿನಲ್ಲಿ ಕಚ್ಚಿಕೊಂಡಿತು. ತಳ್ಳಲು ಇಳಿದ ಇಬ್ಬರು ತೊಡೆಯವರೆಗೆ ಹೂತರು, ಉಳಿದವರು ಅವರನ್ನು ಎಳೆದುಕೊಳ್ಳುವಷ್ಟರಲ್ಲಿ ಸುಸ್ತಾದರು. ಹಾಗೆಯೇ ಹೊತ್ತು ಕಳೆಯಿತು. ಆಮೇಲೆ ಪಡುವಣ ಆಕಾಶ ಮಸಿಯ ಹಾಗೆ ಕಪ್ಪಾಯಿತು. ಮಳೆಗಾಲದ ಮೊದಲ ಗಾಳಿ ಬೀಸಿತು, ಅದರ ಬೆನ್ನಿಗೇ ಉಬ್ಬರ ನುಗ್ಗಿತು. ಕೆಸರು ದೋಣಿಯನ್ನು ಬಿಡಲಿಲ್ಲ, ಅಲೆಗಳು ದೋಣಿಯೊಳಕ್ಕೇ ಬೀಳತೊಡಗಿದವು.

ಹುಟ್ಟು ಹಾಕುವವರು ಅಳತೊಡಗಿದರು. ಅವರು ಅಳುತ್ತಿದ್ದದ್ದು ಲುವಿಜಾಳ ಮಾತಿನಲ್ಲಿ. ಅವರಲ್ಲೊಬ್ಬ ತಾಯಿಯನ್ನು ಕರೆಯುತ್ತಿದ್ದ. ಹೊನ್ನಿ ಲುವಿಜಾಳ ಮುಖ ನೋಡಿದಳು. ಎದ್ದು ನಿಂತರೆ ಸಿಕ್ಕಿಬೀಳುತ್ತಾಳೆ. ಕೂತೇ ಇದ್ದರೆ ಗಳಿಗೆಯೊಳಗೆ ಹುಡುಕುವವರೇ ಇರುವುದಿಲ್ಲ, ಅವಳು ಪಾರಾಗುತ್ತಾಳೆ. ಹೊನ್ನಿ ಅವಳ ತೋಳನ್ನು ಹಿಡಿದುಕೊಂಡಳು, ಬೇಡ ಎನ್ನಲೆಂದೋ, ಹೋಗು ಎನ್ನಲೆಂದೋ, ಅವಳಿಗೇ ತಿಳಿಯದು. ಲುವಿಜಾ ಆ ಕೈಯನ್ನು ಮೆಲ್ಲಗೆ ಬಿಡಿಸಿ, “ಮಾನಾ, ಅವರು ಮುಳುಗ್ತಾರೆ,” ಎಂದಷ್ಟೇ ಹೇಳಿ ಮರೆಯಿಂದ ಹೊರಗೆ ಬಂದಳು. ಮೊಣಕಾಲುದ್ದ ನೀರಿನಲ್ಲಿ ಚಿಪ್ಪಿನ ದಿಬ್ಬದ ಮೇಲೆ ಕಾಲು ತಡವಿ ತಡವಿ ನಡೆದು, ಎರಡೂ ಕೈಯೆತ್ತಿ ಕೂಗಿದಳು: “ವೆಂಕಾ! ವೆಂಕಾ!”

ಗಾಳಿ ಆ ಕೂಗನ್ನು ಹರಿದು ಎಸೆಯುತ್ತಿತ್ತು. ಒಂದು ಗಂಟಲು ಸಾಲುತ್ತಿರಲಿಲ್ಲ. ಬೇರುಗಳ ನಡುವೆಯೇ ಉಳಿದಿದ್ದ ಹೊನ್ನಿಗೆ ಇನ್ನೊಂದು ದಿನ, ಇನ್ನೊಂದು ದೋಣಿ ಕಣ್ಣಿಗೆ ಕಟ್ಟಿತು. ಬಾಯಿ ತೆರೆದಳು. ಈ ಸಲ ಸ್ವರ ಹೊರಟಿತು. “ಬಾರಾ! ಬಾರಾ!” ಎಂದು ಅವಳು ಕೂಗಿದ್ದು ಆಚೆ ದಡದ ಕೇರಿಗೂ ಕೇಳಿಸಿತಂತೆ. ಕೂಗುತ್ತಲೇ ಅವಳೂ ನೀರಿಗಿಳಿದು ಲುವಿಜಾಳ ಹಿಂದೆ ನಿಂತಳು. ಒಬ್ಬಳ ಉಸಿರು ತೀರಿದಾಗ ಇನ್ನೊಬ್ಬಳು ಕೂಗುವಳು. ದೋಣಿಯಲ್ಲಿದ್ದವರು ಆ ಸ್ವರದ ಕಡೆಗೆ ಒಬ್ಬೊಬ್ಬರಾಗಿ ಇಳಿದರು. ಆರು ಮಂದಿ ದಿಬ್ಬ ಹತ್ತಿದರು. ಕೊನೆಗೆ ಬಂದ ನಾಯಕ ದಿಬ್ಬ ತಪ್ಪಿ ಎದೆಯವರೆಗೆ ಹೂತುಹೋದ. ಲುವಿಜಾ ಮಂಡಿಯೂರಿ ಅವನ ತೋಳಿಗೆ ಕೈ ಹಾಕಿದಳು, ಹೊನ್ನಿ ಅವಳ ಸೊಂಟ ಹಿಡಿದಳು, ಆರು ಮಂದಿಯೂ ಸೇರಿ ಎಳೆದರು. ಅವನು ಹೊರಬಂದ ಕೆಲವೇ ಕ್ಷಣದಲ್ಲಿ ದೋಣಿ ಮಗುಚಿತು.

ಗಾಳಿ ತಗ್ಗಿದ ಮೇಲೆ ಸಣ್ಣಕುಸ್ಲ ಕೇರಿಯ ಜನರೊಂದಿಗೆ ದೋಣಿ ಕಟ್ಟಿಕೊಂಡು ಬಂದ. ಒದ್ದೆಯಾದವರಿಗೆ ಬೆಂಕಿ ಹಾಕಿದರು, ಬಿಸಿ ಗಂಜಿ ಬಡಿಸಿದರು. ಗಂಜಿ ಕುಡಿದು ಚೇತರಿಸಿಕೊಂಡ ನಾಯಕನ ಕಣ್ಣು ಲುವಿಜಾಳ ಕಾಲಿನ ಗಾಯದ ಗುರುತಿನ ಮೇಲೆ ಬಿತ್ತು. ಅವನು ಎದ್ದು ನಿಂತು ಏನೋ ಹೇಳಿದ. ಅವನ ಮಾತನ್ನು ಕನ್ನಡಕ್ಕೆ ತಿರುಗಿಸಬಲ್ಲವಳು ಅಲ್ಲಿ ಲುವಿಜಾ ಒಬ್ಬಳೇ. ಅವಳು ತಲೆ ತಗ್ಗಿಸಿ, “ನಾನು ಅವರ ಸ್ವತ್ತಂತೆ. ನಾಳೆ ಹಡಗಿಗೆ ಕರೆದುಕೊಂಡು ಹೋಗ್ತಾರಂತೆ,” ಎಂದಳು.

ಸಣ್ಣಕುಸ್ಲ ಬೆಂಕಿಗೆ ಇನ್ನೊಂದು ಕೊರಡು ಒಡ್ಡಿದ. ಆಮೇಲೆ ತಲೆಯ ರುಮಾಲು ಸರಿಮಾಡಿಕೊಂಡು ಎದ್ದ.

“ನಾನು ಹೇಳಿದ್ದನ್ನು ಹೇಳಿದ ಹಾಗೇ ಅವನಿಗೆ ಹೇಳು, ಮಗಳೇ. ಈ ಹೊಳೆಯಲ್ಲಿ ಸಿಕ್ಕಿದ್ದು ಎತ್ತಿದವರಿಗೆ ಸೇರ್ತದೆ. ಇದು ನಮ್ಮ ಕಟ್ಟಳೆ. ನಿನ್ನನ್ನು ಎತ್ತಿದವಳು ಹೊನ್ನಿ. ಇವರನ್ನು ಎತ್ತಿದವಳು ನೀನು. ಈ ಆರು ಮಂದಿ ನಿನ್ನವರು. ಅವನೂ ನಿನ್ನವನೇ.”

ಲುವಿಜಾ ಅದನ್ನು ನಾಯಕನಿಗೆ ಹೇಳತೊಡಗಿದಳು. ಕೊನೆಯ ಮಾತಿಗೆ ಬಂದಾಗ ತಡೆದಳು. ಯಾರೋ ಯಾರಿಗೋ ಸೇರಿದವರು ಎಂಬ ಮಾತನ್ನು ಎಳವೆಯಿಂದಲೂ ತನ್ನ ಬಗ್ಗೆ ಕೇಳಿಸಿಕೊಂಡವಳು ಈಗ ಅದನ್ನು ತಾನೇ ಇನ್ನೊಬ್ಬನಿಗೆ ಹೇಳಬೇಕಿತ್ತು. ಹೇಳಿದಳು. ನಾಯಕ ಸುತ್ತ ನಿಂತ ಅಂಬಿಗರನ್ನು ನೋಡಿದ, ತನ್ನ ಬೆನ್ನಿಗೆ ನಿಲ್ಲದ ಆರು ಮಂದಿಯನ್ನು ನೋಡಿದ. ಅವನ ಆಯುಧ ಹೊಳೆಯ ತಳದಲ್ಲಿತ್ತು. ಕೊನೆಗೆ ಅವನು ನೆಲ ನೋಡುತ್ತ ಒಂದೇ ಮಾತು ಕೇಳಿದ: ಹಾಗಾದರೆ ನನ್ನನ್ನು ಏನು ಮಾಡುತ್ತೀ?

“ಏನೂ ಮಾಡೂದಿಲ್ಲ,” ಎಂದು ಲುವಿಜಾ ಮೊದಲು ಕನ್ನಡದಲ್ಲಿ, ಆಮೇಲೆ ಅವನ ಮಾತಿನಲ್ಲಿ ಹೇಳಿದಳು. “ಹೋಗು. ನಿನ್ನನ್ನು ಬಿಟ್ಟಿದ್ದೇನೆ. ಇವರನ್ನೂ ಬಿಟ್ಟಿದ್ದೇನೆ.”

ಮರುದಿನ ಬೆಳಿಗ್ಗೆ ಹೊನ್ನಿಯೇ ತಾರಿ ದೋಣಿಯಲ್ಲಿ ಅವನನ್ನು ಅಳಿವೆಯವರೆಗೆ ಬಿಟ್ಟು ಬಂದಳು. ದೋಣಿಯೂ ಗುಲಾಮರೂ ಬಿರುಗಾಳಿಗೆ ಸಿಕ್ಕಿ ಹೋದರೆಂದು ಅವನು ಹಡಗಿನಲ್ಲಿ ಹೇಳಿದನೆಂದೂ, ತಪ್ಪಿಸಿಕೊಂಡವಳ ಹೆಣವನ್ನು ಕಂಡೆನೆಂದು ಸೇರಿಸಿದನೆಂದೂ ಕೆಲವರು ಹೇಳುತ್ತಾರೆ. ಅವನು ನಿಜವನ್ನೇ ಹೇಳಿದ, ಆದರೆ ಮಳೆಗೆ ಹೆದರಿ ಹಡಗೇ ನಿಲ್ಲಲಿಲ್ಲ ಎಂದು ಇನ್ನು ಕೆಲವರು. ಅಂತೂ ಕೇರಿಯ ಒಂದು ದೋಣಿಯೂ ಸುಡಲಿಲ್ಲ. ಆರು ಮಂದಿಯಲ್ಲಿ ಇಬ್ಬರು ಘಟ್ಟದ ಕಾಡಿನ ಕಡೆ ಹೋದರು, ನಾಲ್ವರು ಕುರ್ವೆಯಲ್ಲೇ ಮನೆ ಕಟ್ಟಿದರು. ಮೊದಲ ಮನೆ ಮಾತ್ರ ಹೊನ್ನಿ ಮತ್ತು ಲುವಿಜಾ ಇಬ್ಬರದು. ಗಾಳಿ ಬೀಸಿದ ಆ ದಿನ ಆಚೆ ದಡದಲ್ಲಿದ್ದವರಿಗೆ ಎರಡು ಕೂಗು ಒಂದರ ಬಾಲಕ್ಕೆ ಒಂದು ಅಂಟಿಕೊಂಡು ‘ವೆಂಕಾ-ಬಾರಾ’ ಎಂದು ಕೇಳಿಸಿತ್ತು. ಕೂಗು ಬಂದ ಜಾಗಕ್ಕೆ ಅದೇ ಹೆಸರಾಯಿತು. ಎರಡು ನುಡಿಯ ಎರಡು ಮಾತಿಗೂ ಅರ್ಥ ಒಂದೇ.

ಈಗಲೂ ನೀರು ಪೂರಾ ಇಳಿದ ಹೊತ್ತಿಗೆ ಹೋದವರಿಗೆ ಪಡುವಣ ಬಯಲಿನಲ್ಲಿ ಬೆಳ್ಳಗಿನ ಗೆರೆಯೊಂದು ಕಾಣುತ್ತದೆ. ಕೆಲವು ಕಡೆ ಅದರ ಮೇಲೆ ನೀರುನಾಯಿಯ ಹಸಿ ಹೆಜ್ಜೆ, ಮೀನಿನ ಹುರುಪೆ ಬಿದ್ದಿರುತ್ತದೆ. ಕಯಾಕ್‌ಗಳನ್ನು ಕಾಂಡ್ಲಾ ಬೇರಿಗೆ ಕಟ್ಟಿಸಿ ಸೆರಫಿನಾ ಎಲ್ಲರನ್ನೂ ಅಲ್ಲಿ ಬರಿಗಾಲಲ್ಲಿ ಇಳಿಸುತ್ತಾಳೆ. ದಾರಿ ಒಬ್ಬರು ನಡೆಯುವಷ್ಟೇ ಅಗಲ, ಎರಡೂ ಬದಿಗೆ ಆಳದ ಕೆಸರು. ಆದ್ದರಿಂದ ಅಲ್ಲಿ ನಡೆಯುವವರು, ಪರಿಚಯ ಇರಲಿ ಬಿಡಲಿ, ಹಿಂದಿನವರಿಗೆ ಕೈ ಕೊಟ್ಟುಕೊಂಡೇ ದಡ ಮುಟ್ಟುತ್ತಾರೆ.