ಅಳಿಲು ಆರಿಸಿದ ವಾರ್ಡು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಮೀಸೆ ಬೋಳಿಸಿ. ನನ್ನಷ್ಟು ಸತ್ಯವಂತ ಈ ಜಿಲ್ಲೆಯಲ್ಲಿ ಇನ್ನೊಬ್ಬ ಹುಟ್ಟಿಲ್ಲ.

ಕಾಡಿನ ವೈದ್ಯಕೀಯ ಕಾಲೇಜಿನಲ್ಲಿ ಓದು ಮುಗಿಸಿದ ಅಳಿಲು, ತಾನು ಯಾವ ವಿಭಾಗದ ಡಾಕ್ಟರಾಗಬೇಕೆಂದು ಹೊತ್ತು ಮುಳುಗುವುದರೊಳಗೆ ಹೇಳಬೇಕಿತ್ತು. ಹೇಳದಿದ್ದರೆ ಸೀಟು ಮೊಲದ ಪಾಲು. ಬೆಳಗ್ಗೆಯಿಂದ ಅದು ಒಂದೊಂದೇ ವಿಭಾಗಕ್ಕೆ ಓಡಿ ನೋಡಿ ಬರುತ್ತಿತ್ತು. ಕೊನೆಗೆ ಪ್ರಿನ್ಸಿಪಾಲ್ ಆಮೆಯ ಮುಂದೆ ಬಂದು ನಿಂತಿತು.

"ಮೂಳೆ ವಿಭಾಗ ಬರೆದುಕೊಳ್ಳಿ ಗುರುಗಳೇ. ಬೇಡ, ಅಳಿಸಿ. ಮರಕುಟಿಗ ಡಾಕ್ಟರ ಜೊತೆ ಕುಟ್ಟಿ ಕುಟ್ಟಿ ತಲೆ ಗಿಮ್ಮೆನ್ನುತ್ತೆ. ಸ್ಕ್ಯಾನಿಂಗ್ ಬರೆಯಿರಿ. ಅಯ್ಯೋ, ಬಾವಲಿ ಡಾಕ್ಟರ ಹಾಗೆ ಕತ್ತಲಲ್ಲಿ ತಲೆಕೆಳಗಾಗಿ ನೇತಾಡಿದರೆ ತಿಂದದ್ದೆಲ್ಲ ಬಾಯಿಗೆ ಬರುತ್ತೆ. ಆಪರೇಷನ್ ವಿಭಾಗ? ಕೊಕ್ಕರೆ ಡಾಕ್ಟರಿಗೆ ಎಷ್ಟು ಹೆಸರು! ಆದರೆ ದಿನವಿಡೀ ಒಂಟಿಕಾಲಲ್ಲಿ ಯಾರು ನಿಲ್ಲುತ್ತಾರೆ?"

"ಮರಿಗಳ ವಾರ್ಡಿಗೆ ಹೋಗಿರಲಿಲ್ಲವೇ?"

"ಅದರ ಮಾತೇ ಬೇಡ. ಕಿವಿ ತೂತಾಗುವಂಥ ಕಿರುಚಾಟ! ಒಂದು ಗಿಳಿಮರಿ ನನ್ನ ಮೈಮೇಲೆ ವಾಂತಿ ಮಾಡಿತು."

"ಆಮೇಲೆ?"

"ಒರೆಸಿಕೊಂಡೆ. ಮತ್ತೆ ಒಳಗೆ ಹೋದೆ. ಅದರ ಜ್ವರ ಇಳಿಯಿತೋ ಇಲ್ಲವೋ ನೋಡಬೇಕಿತ್ತಲ್ಲ."

ಆಮೆ ಕತ್ತು ಹೊರಗೆ ಚಾಚಿತು. "ಉಳಿದ ಕಡೆಯಿಂದೆಲ್ಲ ಓಡಿಬಂದೆ. ಅಲ್ಲಿಗೆ ಮಾತ್ರ ಮೈ ಒರೆಸಿಕೊಂಡು ವಾಪಸ್ಸು ಹೋದೆ. ಇನ್ನು ನಾನೇನು ಬರೆದುಕೊಳ್ಳಲಿ, ನೀನೇ ಹೇಳು."

ಅಳಿಲು ಮೇಲೆ ನೋಡಿತು. ಮರದ ತುದಿಯಲ್ಲಿ ಬಿಸಿಲು ಚೂರೇ ಚೂರು ಉಳಿದಿತ್ತು. "ಮರಿಗಳ ವಾರ್ಡು" ಎಂದಿತು. ಎಂದದ್ದೇ ಅತ್ತ ಓಡಿತು, ಕೊಕ್ಕರೆಯ ಆಪರೇಷನ್ ವಿಭಾಗದ ಕಡೆ ತಿರುಗಿಯೂ ನೋಡಲಿಲ್ಲ.

ತಿರುಗಿ ನೋಡಲಿಲ್ಲ ಅಂದೆನಲ್ಲ, ಅದೊಂದು ಮಾತ್ರ ನಾನು ಸೇರಿಸಿದ್ದು. ನಿಜವಾಗಿ ವಾರ್ಡಿನ ಬಾಗಿಲಲ್ಲಿ ನಿಂತು ಒಮ್ಮೆ ಕೊಕ್ಕರೆಯ ಕಡೆ ತಿರುಗಿ ನೋಡಿತು, ಆಮೇಲೆ ಒಳಗೆ ಹೋಯಿತು.